ಒಂದು ಹಂಗಾಮಿಗೆ ಎಷ್ಟು ತೋಟಾ?

ಗುರಿ ಹೊಡೆಯುವ ಹವ್ಯಾಸದಲ್ಲಿ ಕೋವಿಗಿಂತ ಹೆಚ್ಚು ಚಿಂತೆ ಕೊಡುವುದು ತೋಟಾ. ಒಳ್ಳೆಯ ರೈಫಲ್ ಒಂದನ್ನು ಕೊಂಡು ಜೋಪಾನ ಮಾಡಿದರೆ ಮೊಮ್ಮಕ್ಕಳ ಕೈಗೂ ಬರುತ್ತದೆ. ತೋಟಾ ಕುದುರೆ ಎಳೆದ ಕ್ಷಣಕ್ಕೆ ಮುಗಿದುಹೋಗುತ್ತದೆ. ಅಭ್ಯಾಸ ಹೆಚ್ಚಿದಷ್ಟೂ ಡಬ್ಬಿ ಬೇಗ ಖಾಲಿ. ಡಬ್ಬಿಯ ತಳ ಕಾಣುತ್ತ ಬಂದಂತೆ ‘ನಾಳೆ ಅಂಗಡಿಯಲ್ಲಿ ಸಿಗದೇ ಹೋದರೆ?’ ಎಂಬ ಅಳುಕು. ಒಬ್ಬಿಬ್ಬರಿಗೆ ಈ ಅಳುಕು ಬಂದರೆ ಯಾರಿಗೂ ನಷ್ಟವಿಲ್ಲ. ಲಕ್ಷಾಂತರ ಜನರಿಗೆ ಒಂದೇ ವಾರ ಬಂದರೆ ಏನಾಗುತ್ತದೆ ಎಂಬುದನ್ನು ಅಮೆರಿಕದ ಹವ್ಯಾಸಿ ಶೂಟರ್‌ಗಳು 2008ರಿಂದ ಮತ್ತೆ ಮತ್ತೆ ತೋರಿಸಿಕೊಡುತ್ತ ಬಂದಿದ್ದಾರೆ.

ಮೊದಲು ಆ ಸರಕನ್ನೇ ಅಂಗೈಯಲ್ಲಿಟ್ಟು ನೋಡೋಣ. .22 ಲಾಂಗ್ ರೈಫಲ್ ತೋಟಾ 1887ರಿಂದ ಬಳಕೆಯಲ್ಲಿದೆ. ಒಂದಿಂಚು ಉದ್ದ. ಹಿತ್ತಾಳೆಯ ಕೊಳವೆ, ಅದರ ಬಾಯಲ್ಲಿ ಸಾಮಾನ್ಯವಾಗಿ 40 ಗ್ರೇನ್, ಅಂದರೆ ಸುಮಾರು 2.6 ಗ್ರಾಂ ತೂಕದ ಸೀಸದ ಗುಂಡು. ಮುಟ್ಟಿದರೆ ಬೆರಳಿಗೆ ಜಿಡ್ಡು ಹತ್ತುತ್ತದೆ. ಸೀಸ ನಳಿಗೆಗೆ ಮೆತ್ತಿಕೊಳ್ಳದಿರಲೆಂದು ಹೊರಮೈಗೆ ಸವರಿದ ಲೇಪ ಅದು. ಕೊಳವೆಯ ಬುಡದಲ್ಲಿ ಹೊರಕ್ಕೆ ಚಾಚಿದ ತೆಳ್ಳನೆಯ ಅಂಚಿದೆ. ಕಿಡಿ ಹೊತ್ತಿಸುವ ಮದ್ದು ಇರುವುದು ಆ ಅಂಚಿನ ಮಡಿಕೆಯೊಳಗೆ. ಕಾರ್ಖಾನೆಯಲ್ಲಿ ಈ ಮದ್ದನ್ನು ಹಸಿಯಾಗಿಯೇ ಕೊಳವೆಯ ತಳಕ್ಕೆ ಹಾಕಿ, ಗಿರ್ರನೆ ತಿರುಗಿಸಿ, ಅಂಚಿಗೆ ಸರಿದು ಕೂರುವಂತೆ ಮಾಡುತ್ತಾರೆ. ಒಣಗಿದ ಮೇಲೆ ಅದಕ್ಕೆ ಒಂದು ಪೆಟ್ಟು ಬಿದ್ದರೆ ಸಾಕು. ಹೊಡೆದ ಮೇಲೆ ಜಜ್ಜಿಹೋದ ಅಂಚಿಗೆ ಮತ್ತೆ ಮದ್ದು ತುಂಬುವುದು ಹವ್ಯಾಸಿಯ ಕೆಲಸವಲ್ಲ. ಹೀಗಾಗಿ .22 ಮಟ್ಟಿಗೆ ಕಾರ್ಖಾನೆ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

ದೊಡ್ಡ ತೋಟಾಗಳದ್ದು ಬೇರೆ ರೀತಿ. ಅವುಗಳ ತಳದ ನಡುವೆ ಪ್ರೈಮರ್ ಎಂಬ ಪುಟ್ಟ ಬಟ್ಟಲು ಕೂತಿರುತ್ತದೆ. ಮಲೆನಾಡಿನ ಹಳೆಯ ಕೇಪಿನ ಕೋವಿ ಕಂಡವರಿಗೆ ಇದರ ಕೆಲಸ ಬಿಡಿಸಿ ಹೇಳಬೇಕಿಲ್ಲ. ಹೊಡೆದ ಕೊಳವೆಗಳನ್ನು ಆಯ್ದು ತಂದು, ಹಳೆಯ ಪ್ರೈಮರ್ ಕಿತ್ತು ಹೊಸದು ಕೂರಿಸಿ, ಮದ್ದು ತೂಗಿ ಹಾಕಿ, ಹೊಸ ಗುಂಡು ಒತ್ತುವುದಕ್ಕೆ ರೀಲೋಡಿಂಗ್ ಎನ್ನುತ್ತಾರೆ. ದುಡ್ಡು ಉಳಿಯುತ್ತದೆಂದು ಶುರುಮಾಡಿ, ಆಮೇಲೆ ಅದರ ರುಚಿಗೇ ಬಿದ್ದವರು ಬಹಳ ಮಂದಿ. ಕೊಳವೆ ಮತ್ತೆ ಮತ್ತೆ ಬಳಕೆಗೆ ಬರುತ್ತದೆ. ಗುಂಡನ್ನು ಸೀಸ ಕರಗಿಸಿ ಎರಕ ಹೊಯ್ದುಕೊಳ್ಳಬಹುದು. ಮದ್ದು ಮತ್ತು ಪ್ರೈಮರ್ ಮಾತ್ರ ಅಂಗಡಿಯಿಂದಲೇ ಬರಬೇಕು. ಅಮೆರಿಕದಲ್ಲಿ ಪ್ರೈಮರ್ ತಯಾರಿಕೆಯ ದೊಡ್ಡ ಹೆಸರುಗಳು ನಾಲ್ಕೇ: ಸಿಸಿಐ, ಫೆಡರಲ್, ವಿಂಚೆಸ್ಟರ್, ರೆಮಿಂಗ್ಟನ್. ಸಿದ್ಧ ತೋಟಾ ಮಾರುವವರೂ ಇವರೇ. ಬೇಡಿಕೆ ಏರಿದಾಗ ಪ್ರೈಮರ್‌ಗಳೆಲ್ಲ ಅವರ ತೋಟಾಗಳಿಗೇ ಹೋಗುತ್ತವೆ, ಮನೆಯಲ್ಲಿ ಕೂತು ತುಂಬುವವನು ಸಾಲಿನ ಕೊನೆಗೆ ಬೀಳುತ್ತಾನೆ.

ಈಗ ಕೊರತೆಯ ಕತೆಗೆ ಬರೋಣ. 2008ರ ನವೆಂಬರಿನಲ್ಲಿ ಬರಾಕ್ ಒಬಾಮ ಅಧ್ಯಕ್ಷರಾಗಿ ಆಯ್ಕೆಯಾದಾಗ, ಕೋವಿ ಕಾನೂನು ಬಿಗಿಯಾದೀತೆಂಬ ಭಯಕ್ಕೆ ಮೊದಲ ದೊಡ್ಡ ನೂಕುನುಗ್ಗಲು. 2012ರ ಡಿಸೆಂಬರಿನಲ್ಲಿ ಕನೆಕ್ಟಿಕಟ್‌ನ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳೂ 6 ಮಂದಿ ಸಿಬ್ಬಂದಿಯೂ ಗುಂಡಿಗೆ ಬಲಿಯಾದರು. ದೇಶ ಇನ್ನೂ ದುಃಖದಲ್ಲಿರುವಾಗಲೇ ತೋಟಾ ಅಂಗಡಿಗಳ ಕಪಾಟು ಬರಿದಾಯಿತು. 2013ರ ಜನವರಿಯಲ್ಲಿ ವಾಲ್‌ಮಾರ್ಟ್ ಒಬ್ಬ ಗಿರಾಕಿಗೆ ದಿನಕ್ಕೆ ಮೂರೇ ಡಬ್ಬಿ ಎಂದು ಮಿತಿ ಹಾಕಿತು. ಆಗ ಶುರುವಾಯಿತು ಬೆಳಗಿನ ಜಾವದ ಸರತಿ ಸಾಲು. ಲಾರಿ ಯಾವತ್ತು ಬರುತ್ತದೆಂದು ತಿಳಿದುಕೊಂಡು ಅಂಗಡಿ ಬಾಗಿಲಲ್ಲಿ ಕಾಯುವವರು, ಮನೆಮಂದಿಯನ್ನೆಲ್ಲ ಸಾಲಿಗೆ ನಿಲ್ಲಿಸುವವರು, ಕೊಂಡ ಡಬ್ಬಿಯನ್ನು ವಾರಾಂತ್ಯದ ಕೋವಿ ಸಂತೆಯಲ್ಲಿ ದುಪ್ಪಟ್ಟಿಗೆ ಮಾರುವವರು. ಸೆನೆಟ್ಟಿನ ಮುಂದಿದ್ದ ಕೋವಿ ನಿಯಂತ್ರಣ ಮಸೂದೆಗಳು 2013ರ ಏಪ್ರಿಲಿನಲ್ಲೇ ಬಿದ್ದುಹೋದವು. ಹಾಗಿದ್ದೂ .22 ಬರ ಮುಂದಿನ ವರ್ಷಗಳಿಗೂ ಎಳೆಯಿತು.

ಬರಕ್ಕೆ ಗಾಳಿಸುದ್ದಿಯ ಗೊಬ್ಬರವೂ ಬಿತ್ತು. ಜನರಿಗೆ ಸಿಗದಂತೆ ಸರ್ಕಾರವೇ ತೋಟಾಗಳನ್ನೆಲ್ಲ ಕೊಂಡು ಬಚ್ಚಿಡುತ್ತಿದೆ ಎಂಬುದು ಒಂದು. ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಕಚೇರಿ ತನಿಖೆ ಮಾಡಿ 2014ರ ಜನವರಿಯಲ್ಲಿ ವರದಿ ಕೊಟ್ಟಿತು. ಆಂತರಿಕ ಭದ್ರತಾ ಇಲಾಖೆಯ ಖರೀದಿ ವರ್ಷಕ್ಕೆ ಸರಾಸರಿ ಸುಮಾರು 11 ಕೋಟಿ ತೋಟಾ, ಅದೂ 2009ರಿಂದೀಚೆಗೆ ಇಳಿಮುಖ. ಇನ್ನೊಂದು ಸುದ್ದಿ ಸೀಸದ್ದು. ಮಿಸೌರಿಯ ಹರ್ಕ್ಯುಲೇನಿಯಂನಲ್ಲಿ ಅದಿರಿನಿಂದ ಸೀಸ ತೆಗೆಯುತ್ತಿದ್ದ ದೇಶದ ಕೊನೆಯ ಕುಲುಮೆ 2013ರ ಕೊನೆಗೆ ಮುಚ್ಚಿತು. ಇನ್ನು ಗುಂಡಿನ ಕತೆ ಮುಗಿಯಿತೆಂದು ಜನ ಮತ್ತೆ ಅಂಗಡಿಗೆ ಓಡಿದರು. ಗುಂಡು ಮಾಡುವ ಕಂಪನಿಗಳು ಬಹುಪಾಲು ಬಳಸುತ್ತಿದ್ದದ್ದು ಹಳೆಯ ಬ್ಯಾಟರಿ ಮುಂತಾದವುಗಳಿಂದ ಕರಗಿಸಿ ತೆಗೆದ ಸೀಸವನ್ನು. ಕುಲುಮೆ ಮುಚ್ಚಿದ್ದರಿಂದ ತೋಟಾ ನಿಲ್ಲಲಿಲ್ಲ.

ಇಷ್ಟು ಬೇಡಿಕೆಯಿದ್ದರೆ ಇನ್ನೊಂದು ಕಾರ್ಖಾನೆ ಕಟ್ಟಬಾರದೇ ಎಂದು ಯಾರಾದರೂ ಕೇಳುತ್ತಾರೆ. ಕಂಪನಿಗಳು ಈ ಆಟವನ್ನು ಚೆನ್ನಾಗಿ ಬಲ್ಲವು. ಹೆದರಿಕೆಯಿಂದ ಹುಟ್ಟಿದ ಬೇಡಿಕೆ ಹೆದರಿಕೆಯ ಜೊತೆಗೇ ಇಳಿಯುತ್ತದೆ. 2016ರ ಚುನಾವಣೆಯಲ್ಲಿ ಡೊನಾಲ್ಡ್ ಟ್ರಂಪ್ ಗೆದ್ದದ್ದೇ ತಡ, ಕಾನೂನಿನ ಭಯ ಕರಗಿ ವ್ಯಾಪಾರ ಕುಸಿಯಿತು. ಜನ ಮನೆಯಲ್ಲಿ ಪೇರಿಸಿಟ್ಟದ್ದನ್ನೇ ಖರ್ಚು ಮಾಡುತ್ತ ಕೂತರು. 1816ರಲ್ಲಿ ಶುರುವಾದ ರೆಮಿಂಗ್ಟನ್ ಕಂಪನಿ 2018ರಲ್ಲಿ ದಿವಾಳಿ ಅರ್ಜಿ ಹಾಕಿತು. 2020ರ ಜುಲೈಯಲ್ಲಿ ಎರಡನೇ ಸಲ ಹಾಕಿತು. ಅದೇ 2020ರಲ್ಲಿ ಕೊರೊನಾ, ಬೀದಿ ಗಲಭೆ, ಚುನಾವಣೆ ಮೂರೂ ಸೇರಿ ಕೋವಿ ಕೊಳ್ಳುವವರ ಹಿನ್ನೆಲೆ ತಪಾಸಣೆಯ ಸಂಖ್ಯೆ ಹಿಂದಿನ ವರ್ಷದ 2.84 ಕೋಟಿಯಿಂದ 3.97 ಕೋಟಿಗೆ ಜಿಗಿಯಿತು. ಬೇಡಿಕೆ ಆಕಾಶ ಮುಟ್ಟಿದ ಹೊತ್ತಿಗೆ ನಾಲ್ಕರಲ್ಲಿ ಒಂದು ಕಾರ್ಖಾನೆ ಕೋರ್ಟಿನಲ್ಲಿತ್ತು. ಸಾವಿರಕ್ಕೆ 30 ಡಾಲರಿನ ಆಸುಪಾಸಿನಲ್ಲಿದ್ದ ಪ್ರೈಮರ್ ಕೈಯಿಂದ ಕೈಗೆ ಮಾರಾಟವಾಗುವಲ್ಲಿ 100 ಡಾಲರ್ ದಾಟಿತು. ಉಕ್ರೇನ್ ಯುದ್ಧ ಶುರುವಾದ ಮೇಲೆ ಮದ್ದಿನ ಸರದಿ. ಹತ್ತಿಯ ತುಪ್ಪಳಿನಿಂದ ತಯಾರಾಗುವ ನೈಟ್ರೋಸೆಲ್ಯುಲೋಸ್ ಫಿರಂಗಿಗೂ ಬೇಕು, ಹವ್ಯಾಸಿಯ ಕೋವಿಗೂ ಬೇಕು. ಯುದ್ಧದ ಮುಂದೆ ಹವ್ಯಾಸಿ ಯಾವ ಲೆಕ್ಕ?

ಹಾಗಾದರೆ ಶೇಖರಣೆಯೇ ತಪ್ಪೇ? ಇಲ್ಲಿ ಹವ್ಯಾಸದ ಸೂಕ್ಷ್ಮ ಬಲ್ಲವರ ಮಾತನ್ನೂ ಕೇಳಬೇಕು. 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಹತ್ತಂಕದ ವೃತ್ತದ ವ್ಯಾಸ 10.4 ಮಿಲಿಮೀಟರ್. ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದದ್ದು ಈ ದೂರದ ಮೂರು ಭಂಗಿಗಳ ಸ್ಪರ್ಧೆಯಲ್ಲೇ. ಅಷ್ಟು ಚಿಕ್ಕ ವೃತ್ತಕ್ಕೆ ಗುಂಡು ಕೂರಿಸಬೇಕಾದರೆ ಒಂದು ತೋಟಾಕ್ಕೂ ಇನ್ನೊಂದಕ್ಕೂ ವೇಗದಲ್ಲಿ ವ್ಯತ್ಯಾಸ ಇರಕೂಡದು. ಒಂದೇ ಕಂಪನಿಯ, ಒಂದೇ ಹೆಸರಿನ, ಒಂದೇ ಬೆಲೆಯ ತೋಟಾ ಕೂಡ ಲಾಟಿನಿಂದ ಲಾಟಿಗೆ, ಅಂದರೆ ತಯಾರಿಕೆಯ ಒಂದು ಕಂತಿನಿಂದ ಇನ್ನೊಂದಕ್ಕೆ, ಬದಲಾಗುತ್ತದೆ. ಒಂದು ನಳಿಗೆಗೆ ಹೊಂದಿದ ಲಾಟು ಪಕ್ಕದವನ ನಳಿಗೆಗೆ ಹೊಂದದಿರಬಹುದು. ಅದಕ್ಕಾಗಿಯೇ ಇಂಗ್ಲೆಂಡಿನ ಈಲಿ, ಫಿನ್‌ಲೆಂಡಿನ ಲಾಪುವಾ ಮುಂತಾದ ಕಂಪನಿಗಳು ಪರೀಕ್ಷಾ ರೇಂಜುಗಳನ್ನೇ ಇಟ್ಟಿವೆ. ಶೂಟರ್ ತನ್ನ ರೈಫಲನ್ನು ಅಲ್ಲಿಗೆ ಒಯ್ದು, ಬಿಗಿಯಾಗಿ ಹಿಡಿಸಿ, ಲಾಟಿನ ಮೇಲೆ ಲಾಟು ಹೊಡೆದು ನೋಡುತ್ತಾನೆ. ತೂತುಗಳು ಒಂದರ ಮೇಲೊಂದು ಬಿದ್ದ ಲಾಟು ಸಿಕ್ಕಿದಾಗ ಡಬ್ಬಿಯ ಮೇಲಿನ ನಂಬರ್ ಬರೆದುಕೊಂಡು, ಹಂಗಾಮು ಪೂರ್ತಿಗೆ ಆಗುವಷ್ಟು ಅದನ್ನೇ ಕೊಳ್ಳುತ್ತಾನೆ. ಈ ಶೇಖರಣೆಗೆ ನನ್ನ ತಕರಾರಿಲ್ಲ. ಅದರ ಹಿಂದೆ ಲೆಕ್ಕವಿದೆ.

ಗ್ಯಾರೇಜು ತುಂಬಿಸುವವನಲ್ಲಿ ಕಾಣದಿರುವುದು ಈ ಲೆಕ್ಕವೇ. ವಾರಕ್ಕೆ ಎರಡು ದಿನ, ದಿನಕ್ಕೆ 60 ಗುಂಡು ಹೊಡೆಯುವವನಿಗೆ ಹತ್ತು ತಿಂಗಳ ಹಂಗಾಮಿಗೆ ಬೇಕಾಗುವುದು ಸುಮಾರು 5,200 ತೋಟಾ. ಅಮೆರಿಕದಲ್ಲಿ 500ರ ಕಟ್ಟಿಗೆ ‘ಇಟ್ಟಿಗೆ’ ಎನ್ನುತ್ತಾರೆ; ಹನ್ನೊಂದು ಇಟ್ಟಿಗೆಯಿದ್ದರೆ ವರ್ಷ ಕಳೆಯಿತು. ನೂರು ಇಟ್ಟಿಗೆ ಪೇರಿಸಿದವನ ಬಳಿ ಒಂಬತ್ತೂವರೆ ವರ್ಷದ ತೋಟಾ ಇದೆ. ಅಷ್ಟರಲ್ಲಿ ಅವನ ನಳಿಗೆ ಬದಲಾಗಿರಬಹುದು, ಕಣ್ಣಿನ ನಂಬರ್ ಬದಲಾಗಿರಬಹುದು, ಆಸಕ್ತಿಯೇ ಬೇರೆ ಕಡೆ ಹೊರಳಿರಬಹುದು. ಇನ್ನೂ ವಿಚಿತ್ರವೆಂದರೆ ಹೀಗೆ ಕೂಡಿಟ್ಟವರು ಹೊಡೆಯುವುದನ್ನು ಕಡಿಮೆ ಮಾಡುತ್ತಾರೆ. ಮುಗಿದೀತೆಂಬ ಭಯದಲ್ಲಿ ಡಬ್ಬಿ ಒಡೆಯಲು ಕೈ ಬರುವುದಿಲ್ಲ. ಅಭ್ಯಾಸಕ್ಕೆಂದು ಕೊಂಡ ಸರಕೇ ಅಭ್ಯಾಸ ನಿಲ್ಲಿಸುತ್ತದೆ.

ದಾಸ್ತಾನು ಇಡುವ ಕ್ರಮದಲ್ಲೂ ಭಯಸ್ಥರು ಎಡವುತ್ತಾರೆ. ಪ್ರೈಮರ್ ಡಬ್ಬಿ ನೋಡಿದವರಿಗೆ ಅದು ಒಳಗಿರುವ ಸರಕಿಗಿಂತ ಎಷ್ಟೋ ಪಾಲು ದೊಡ್ಡದೆನಿಸುತ್ತದೆ. ಒಂದೊಂದು ಪ್ರೈಮರೂ ತನ್ನದೇ ಗೂಡಿನಲ್ಲಿ, ಪಕ್ಕದ್ದರಿಂದ ದೂರ ಕೂತಿರುತ್ತದೆ. ಒಂದು ಸಿಡಿದರೆ ಉಳಿದವಕ್ಕೆ ಹಬ್ಬದಿರಲಿ ಎಂಬುದೇ ಆ ವ್ಯವಸ್ಥೆಯ ಉದ್ದೇಶ. ಜಾಗ ಉಳಿಸಲು ಅವನ್ನೆಲ್ಲ ಗಾಜಿನ ಬಾಟಲಿಗೆ ಸುರಿದಿಟ್ಟವನು ಮನೆಯೊಳಗೆ ಬಾಂಬು ಇಟ್ಟುಕೊಂಡ ಹಾಗೆಯೇ. ಅಮೆರಿಕದ ಅಗ್ನಿ ಸುರಕ್ಷತಾ ಸಂಹಿತೆ ಮನೆಯೊಳಗೆ 10,000 ಪ್ರೈಮರ್‌ಗಿಂತ ಹೆಚ್ಚು ಇಡಬಾರದೆನ್ನುತ್ತದೆ. ಮದ್ದು 20 ಪೌಂಡಿನವರೆಗೆ ಮೂಲ ಡಬ್ಬಿಯಲ್ಲಿ, ಅದಕ್ಕಿಂತ ಹೆಚ್ಚಾದರೆ 50 ಪೌಂಡಿನವರೆಗೆ ಒಂದಿಂಚು ದಪ್ಪದ ಮರದ ಪೆಟ್ಟಿಗೆಯಲ್ಲಿ. ಹೊಗೆರಹಿತ ಮದ್ದು ಬಿಸಿಲಿಗೆ, ಸೆಕೆಗೆ ಕೆಡುತ್ತದೆ. ಮುಚ್ಚಳ ತೆಗೆದಾಗ ಹುಳಿ ವಾಸನೆ ಮೂಗಿಗೆ ಬಡಿದರೆ ಅಥವಾ ಕೆಂಪು ಹೊಗೆ ಕಂಡರೆ ಅದರ ಆಯಸ್ಸು ಮುಗಿದಂತೆ. ತಂಪಾದ ಒಣ ಜಾಗದಲ್ಲಿಟ್ಟ ಸಿದ್ಧ ತೋಟಾ ದಶಕಗಳ ಕಾಲ ಬಾಳುವುದು ನಿಜ. ಆದರೆ ಪಂದ್ಯದ .22 ತೋಟಾದ ಹೊರಲೇಪ ಒಣಗಿ, ಸೀಸದ ಮೇಲೆ ಬಿಳಿ ಪುಡಿ ಕಟ್ಟಿದ ಮೇಲೆ, ಅದು ಸಿಡಿದರೂ ಹತ್ತಂಕದ ವೃತ್ತಕ್ಕೆ ಹೋಗಿ ಬೀಳುವ ಭರವಸೆ ಉಳಿಯುವುದಿಲ್ಲ.

ಅಮೆರಿಕದಲ್ಲಿರುವ ನಮ್ಮ ಹುಡುಗರಿಗೆ ಒಂದು ಮಾತು. ಸಹೋದ್ಯೋಗಿಗಳ ಜೊತೆ ರೇಂಜಿಗೆ ಹೋಗಿ ರುಚಿ ಹತ್ತಿಸಿಕೊಂಡ ಕನ್ನಡದ ಎಂಜಿನಿಯರುಗಳು ಅಲ್ಲಿ ಕಡಿಮೆಯಿಲ್ಲ. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರು ಕೋವಿಯನ್ನಷ್ಟೇ ಅಲ್ಲ, ತೋಟಾವನ್ನೂ ಹೊಂದುವಂತಿಲ್ಲ ಎಂಬುದು ಅಲ್ಲಿನ ಕೇಂದ್ರ ಕಾನೂನು. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸಿನಂಥ ಕೆಲವೇ ವಿನಾಯಿತಿಗಳಿವೆ. ಅಗ್ಗಕ್ಕೆ ಸಿಕ್ಕಿತೆಂದು ಎರಡು ಇಟ್ಟಿಗೆ ತಂದು ಅಪಾರ್ಟ್‌ಮೆಂಟಿನಲ್ಲಿಟ್ಟರೆ ವೀಸಾಕ್ಕೇ ಕುತ್ತು.

ನಮ್ಮಲ್ಲಿ ಆ ಪರಿಯ ಶೇಖರಣೆಗೆ ಕಾನೂನೇ ಎಡೆ ಕೊಡುವುದಿಲ್ಲ. ಒಮ್ಮೆಗೆ ಎಷ್ಟು, ವರ್ಷಕ್ಕೆ ಎಷ್ಟು ಎಂಬುದು ಲೈಸೆನ್ಸಿನಲ್ಲೇ ನಮೂದಾಗಿರುತ್ತದೆ. ಕೊಡಗಿನದು ಬೇರೆ ಮಾತು: ಅಲ್ಲಿನ ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. ಆ ಕೊಡಗಿನಲ್ಲೇ ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ನಡೆಯುವ ತೆಂಗಿನಕಾಯಿ ಪಂದ್ಯ ನೋಡಿ. ಕಾಯಿಗೆ ಗುರಿಯಿಡುವವನ ಪಾಲಿಗೆ ಬರುವುದು ಬೆರಳೆಣಿಕೆಯ ತೋಟಾ. ಅದರಲ್ಲೇ ಅವನು ತನ್ನ ಕೈಯನ್ನು ಸಾಬೀತು ಮಾಡಬೇಕು. ಬೆಂಗಳೂರಿನ ಹೊಸ ಶೂಟರ್‌ಗಳಲ್ಲಿ ಹೆಚ್ಚಿನವರು ಶುರುಮಾಡುವುದು 4.5 ಮಿಲಿಮೀಟರಿನ ಏರ್ ರೈಫಲಿನಲ್ಲಿ. 20 ಜೌಲ್ ಒಳಗಿನದಾದರೆ ಲೈಸೆನ್ಸು ಬೇಕಿಲ್ಲ. ಹಾಗಾಗಿ ಕೂಡಿಡುವ ಚಟ ಇಲ್ಲಿ ಪೆಲೆಟ್ ಡಬ್ಬಿಗಳ ರೂಪದಲ್ಲಿ ತಲೆ ಎತ್ತುತ್ತದೆ. ಪಂದ್ಯದ ಪೆಲೆಟ್‌ಗಳು 4.49, 4.50 ಎಂದು ತಲೆಯ ಅಳತೆಯಲ್ಲೇ ಬೇರೆಯಾಗುತ್ತವೆ. ತನ್ನ ನಳಿಗೆಗೆ ಯಾವುದು ಹೊಂದುತ್ತದೆಂದು ಹೊಡೆದು ನೋಡುವ ಮೊದಲೇ ಡಜನ್‌ಗಟ್ಟಲೆ ಡಬ್ಬಿ ಕೊಂಡವನು ದುಡ್ಡು ದಂಡ ಮಾಡಿಕೊಂಡ ಹಾಗೆ. ಕರಾವಳಿಯ ತೇವದಲ್ಲಿ ಆ ಸೀಸವೂ ಬೇಗ ಬಿಳಿಚಿಕೊಳ್ಳುತ್ತದೆ.

ಮಲೆನಾಡಿನ ಮನೆಗಳಲ್ಲಿ ಮಳೆಗೆ ಮುಂಚೆ ಸೌದೆ ಒಟ್ಟುತ್ತಿದ್ದರು. ಮಳೆ ಎಷ್ಟು ತಿಂಗಳು, ಒಲೆಗೆ ದಿನಕ್ಕೆ ಎಷ್ಟು ಎಂಬುದು ಮನೆಯೊಡತಿಗೆ ಗೊತ್ತಿತ್ತು; ಕೊಟ್ಟಿಗೆ ತುಂಬುವುದು ಆ ಅಂದಾಜಿಗೆ. ಹವ್ಯಾಸಿ ಶೂಟರ್‌ಗೆ ನಾನು ಹೇಳುವ ನಿಯಮವೂ ಇಷ್ಟೇ. ಕಳೆದ ಹಂಗಾಮಿನಲ್ಲಿ ಎಷ್ಟು ಹೊಡೆದಿರಿ ಎಂದು ನಿಮ್ಮ ಸ್ಕೋರ್ ಪುಸ್ತಕದಿಂದ ಲೆಕ್ಕ ತೆಗೆಯಿರಿ. ಹೊಂದಿದ ಲಾಟಿನಲ್ಲಿ ಅಷ್ಟನ್ನು ಕೊಳ್ಳಿ, ಮೇಲೆ ಕಾಲುಪಾಲು ಸೇರಿಸಿ. ಹಳೆಯದನ್ನು ಮೊದಲು ಹೊಡೆಯಿರಿ. ಬೆಲೆ ದುಪ್ಪಟ್ಟಾದ ವಾರ ಅಂಗಡಿಯ ಕಡೆ ತಲೆ ಹಾಕಬೇಡಿ. ಆ ಬೆಲೆಗೆ ನೀವು ಕೊಂಡ ಒಂದೊಂದು ಡಬ್ಬಿಯೂ ಮುಂದಿನ ವಾರದ ಬೆಲೆಯನ್ನು ಇನ್ನಷ್ಟು ಏರಿಸುತ್ತದೆ, ಮತ್ತು ರೇಂಜಿಗೆ ಹೊಸದಾಗಿ ಬಂದ ಹದಿಹರೆಯದ ಹುಡುಗಿಯೊಬ್ಬಳು ಬರಿಗೈಯಲ್ಲಿ ಮನೆಗೆ ಹೋಗುತ್ತಾಳೆ. ನಿಮ್ಮ ಕಪಾಟಿನಲ್ಲಿ ಹೆಚ್ಚಿಗೆ ಪೆಲೆಟ್ ಡಬ್ಬಿಗಳಿದ್ದರೆ ಒಂದೆರಡನ್ನು ಈ ವಾರ ನಿಮ್ಮ ಕ್ಲಬ್ಬಿನ ಕಿರಿಯರಿಗೆ, ಕೊಂಡ ಬೆಲೆಗೇ ಕೊಟ್ಟುಬಿಡಿ.