ನಿಸ್ತಂತು ಜಾಲಗಳಲ್ಲಿ ಆಟಗಾರನಾರು? — ಒಂದು ವಿಮರ್ಶೆ

ಅನೇಕರಿಗೆ ಬೇಕಾದ, ಆದರೆ ಎಲ್ಲರಿಗೂ ಸಾಲದ ವಸ್ತುವನ್ನು ಹಂಚಿಕೊಳ್ಳುವ ಬಗೆ ಹೇಗೆಂಬ ಪ್ರಶ್ನೆ ಚರಿತ್ರೆಯ ವಿದ್ಯಾರ್ಥಿಗಳಿಗೆ ಹೊಸದಲ್ಲ. ಗೋಮಾಳದ ಹುಲ್ಲಿಗೂ ಕಾಲುವೆಯ ನೀರಿಗೂ ಎದ್ದ ಅದೇ ಪ್ರಶ್ನೆ ಕಣ್ಣಿಗೆ ಕಾಣದ ರೇಡಿಯೋ ತರಂಗಗಳಿಗೂ ಎದ್ದಿದೆ. ಇದನ್ನು ಬಗೆಹರಿಸಲು ಎಂಜಿನಿಯರರು ಆಟದ ಸಿದ್ಧಾಂತವನ್ನು ಆಶ್ರಯಿಸಿದ್ದಾರೆ. ವಾನ್ ನಾಯ್ಮನ್ ಮತ್ತು ಮಾರ್ಗನ್‌ಸ್ಟರ್ನ್ ಇದಕ್ಕೆ 1944ರಲ್ಲಿ ಗ್ರಂಥರೂಪವನ್ನಿತ್ತರು. 1950ರಲ್ಲಿ ಜಾನ್ ನ್ಯಾಶ್ ಸಮತೋಲದ ಕಲ್ಪನೆಯನ್ನು ಮುಂದಿಟ್ಟರು. ಇತರರ ನಡೆ ಇದ್ದಂತೆಯೇ ಇರುವಾಗ, ತಾನೊಬ್ಬನೇ ನಡೆ ಬದಲಿಸಿ ಯಾವ ಆಟಗಾರನೂ ಹೆಚ್ಚಿನದನ್ನು ಪಡೆಯಲಾರದ ಸ್ಥಿತಿಯೇ ಈ ಸಮತೋಲ.

ಈ ಮಾರ್ಗದ ಪ್ರಬಂಧಗಳಲ್ಲಿ ಸರೈದಾರ್, ಮಂಡಯಂ, ಗುಡ್‌ಮನ್ ಇವರು 2002ರಲ್ಲಿ ಪ್ರಕಟಿಸಿದುದು ಗಮನಾರ್ಹ. ಸಂತೆಯಲ್ಲಿ ಒಬ್ಬನು ದನಿಯೇರಿಸಿದರೆ ನೆರೆಯವನೂ ಏರಿಸಬೇಕಾಗುವಂತೆ, ಪ್ರತಿ ಉಪಕರಣವೂ ತನ್ನ ಹಿತವನ್ನಷ್ಟೇ ನೋಡಿ ಪ್ರಸಾರಶಕ್ತಿಯನ್ನು ಹೆಚ್ಚಿಸುತ್ತ ಹೋದರೆ, ಸಮತೋಲವೇನೋ ಒದಗುತ್ತದೆ. ಆದರೆ ಅಲ್ಲಿ ಎಲ್ಲರಿಗೂ ನಷ್ಟ. ಬಳಸಿದ ಶಕ್ತಿಗೆ ಬೆಲೆ ಕಟ್ಟಿದರೆ ಎಲ್ಲರ ಸ್ಥಿತಿಯೂ ಸುಧಾರಿಸುತ್ತದೆಂದು ಅವರು ತೋರಿಸಿದರು. ಈ ತರ್ಕದಲ್ಲಿ ನಮಗೆ ದೋಷ ಕಾಣದು.

ನಮ್ಮ ಆಕ್ಷೇಪವಿರುವುದು ‘ಆಟಗಾರ’ ಎಂಬ ಪದದ ವಿಷಯದಲ್ಲಿ. ಐ.ಎಸ್.-95 ಪದ್ಧತಿಯಲ್ಲಿ ದೂರವಾಣಿಯ ಶಕ್ತಿಯನ್ನು ಏರಿಸು, ಇಳಿಸು ಎಂದು ನೆಲೆಕೇಂದ್ರವು ಸೆಕೆಂಡಿಗೆ 800 ಸಲ ಆಜ್ಞಾಪಿಸುತ್ತಿತ್ತು. ಆಜ್ಞೆಯನ್ನು ಪಾಲಿಸುವ ಯಂತ್ರಕ್ಕೆ ಸ್ವಾರ್ಥವೆಲ್ಲಿಯದು? ವೈ-ಫೈ ಜಾಲದಲ್ಲಿ, ಡಿಕ್ಕಿಯಾದ ಬಳಿಕ ಕಾಯಬೇಕಾದ ಅವಧಿಯನ್ನು ಮೋಸದಿಂದ ಮೊಟಕುಗೊಳಿಸಿದ ಉಪಕರಣಕ್ಕೆ ಲಾಭವುಂಟು. ಎಲ್ಲವೂ ಹಾಗೆಯೇ ಮಾಡಿದರೆ ಯಾವುದಕ್ಕೂ ಲಾಭವಿಲ್ಲ. ಇಲ್ಲಿ ಸಿದ್ಧಾಂತವು ಹೆಚ್ಚು ಒಪ್ಪುವುದು ನಿಜ. ಆದರೆ ಮುರಿಯುವುದಕ್ಕೂ ಮೊದಲೊಂದು ನಿಯಮವಿರಬೇಕಷ್ಟೆ. ಆ ನಿಯಮವನ್ನು 1997ರಲ್ಲಿ ಮೊದಲು ಪ್ರಕಟಿಸಿದುದು ಒಂದು ಸಮಿತಿ.

ನಿಜವಾದ ಆಟಗಾರರನ್ನು ಚರಿತ್ರೆಯಲ್ಲಿ ಹುಡುಕಬೇಕು. 1926ರಲ್ಲಿ ಅಮೆರಿಕದ ನ್ಯಾಯಾಲಯವೊಂದು, ಬಾನುಲಿ ಕೇಂದ್ರಗಳನ್ನು ನಿರ್ಬಂಧಿಸುವ ಅಧಿಕಾರ ವಾಣಿಜ್ಯ ಕಾರ್ಯದರ್ಶಿಗಿಲ್ಲವೆಂದು ತೀರ್ಪಿತ್ತಿತು. ಕೇಂದ್ರಗಳು ಮನಬಂದಂತೆ ತರಂಗಾಂತರವನ್ನು ಬದಲಿಸಿ, ಶಕ್ತಿಯನ್ನು ಹೆಚ್ಚಿಸಿ, ಒಂದರ ದನಿಯನ್ನೊಂದು ಅಡಗಿಸಿದವು. ಇದು ಮೇಲಿನ ಪ್ರಬಂಧದ ಚಿತ್ರವೇ ಹೌದು. ಆದರೆ ಕೇಂದ್ರಗಳು ಆ ದುಃಸ್ಥಿತಿಯಲ್ಲಿಯೇ ನಿಲ್ಲಲಿಲ್ಲ. ಒಂದು ಕೇಂದ್ರವು ಷಿಕಾಗೋದ ನ್ಯಾಯಾಲಯಕ್ಕೆ ಹೋಗಿ ಮೊದಲು ಬಳಸಿದವನ ಹಕ್ಕಿಗೆ ಮನ್ನಣೆ ಪಡೆಯಿತು. 1927ರ ಫೆಬ್ರವರಿಯಲ್ಲಿ ರೇಡಿಯೋ ಶಾಸನವೇ ಬಂದಿತು. ಎಂದರೆ, ಆಟಗಾರರು ಆಟದ ನಿಯಮಗಳನ್ನೇ ಬದಲಾಯಿಸಿದರು.

ಇದಕ್ಕೆ 1994ರ ಜುಲೈ ಇನ್ನೊಂದು ನಿದರ್ಶನ. ಆಟದ ಸಿದ್ಧಾಂತಿಗಳ ಸಲಹೆಯಂತೆ ರೂಪಿಸಿದ ಹರಾಜಿನಲ್ಲಿ ಅಮೆರಿಕ ಸರಕಾರವು 10 ರಾಷ್ಟ್ರೀಯ ಪರವಾನಗಿಗಳನ್ನು ಸುಮಾರು 61.7 ಕೋಟಿ ಡಾಲರಿಗೆ ಮಾರಿತು. ಇದು ಸಿದ್ಧಾಂತದ ವಿಜಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ 1996-97ರ ಹರಾಜಿನಲ್ಲಿ ಕೆಲವರು ತಮ್ಮ ಸವಾಲಿನ ಕೊನೆಯ ಅಂಕಿಗಳಲ್ಲಿ ಪ್ರದೇಶದ ಸಂಖ್ಯೆಯನ್ನು ಅಡಗಿಸಿ, ‘ನಮ್ಮ ಪ್ರದೇಶಕ್ಕೆ ಬರಬೇಡಿ’ ಎಂದು ಪ್ರತಿಸ್ಪರ್ಧಿಗಳಿಗೆ ಸೂಚಿಸಿದರು. ಮುಂದೆ ಸವಾಲಿನ ಮೊತ್ತವನ್ನು ಗೊತ್ತುಪಡಿಸಿದ ಮೊತ್ತಗಳಿಂದಲೇ ಆರಿಸಬೇಕೆಂಬ ನಿರ್ಬಂಧ ಬಂದಿತು.

ಆದುದರಿಂದ ನಮ್ಮ ನಿರ್ಣಯವಿಷ್ಟು: ನಿಯಮಗಳನ್ನು ಸ್ಥಿರವೆಂದು ಹಿಡಿದರೆ ಏನಾಗುವುದೆಂಬುದನ್ನು ಆಟದ ಸಿದ್ಧಾಂತವು ಚೆನ್ನಾಗಿ ತಿಳಿಸುತ್ತದೆ. ಆ ನಿಯಮಗಳನ್ನು ಯಾರು, ಯಾರ ಹಿತಕ್ಕಾಗಿ ಬರೆದರೆಂಬುದನ್ನು ತಿಳಿಸದು. ಸ್ವಾರ್ಥದ ಹೊಣೆಯನ್ನು ಮೂಕ ಯಂತ್ರದ ತಲೆಗೆ ಕಟ್ಟಿದರೆ, ನಿಯಮ ಬರೆದವರು ನಮ್ಮ ದೃಷ್ಟಿಯಿಂದ ತಪ್ಪಿಸಿಕೊಳ್ಳುತ್ತಾರೆ. ಆಕಾಶವು ಎಲ್ಲರ ಸೊತ್ತಾದ ಮೇಲೆ ಈ ಪ್ರಶ್ನೆಯೂ ಎಲ್ಲರದು. ಚರಿತ್ರೆಯ ವಿದ್ಯಾರ್ಥಿಗಳು ಈ ಗಣಿತಕ್ಕೆ ಅಂಜದೆ ಅದನ್ನು ಕಲಿಯಲಿ. ಗಣಿತಜ್ಞರು ದಾಖಲೆಗಳನ್ನು ತೆರೆದು ನೋಡಲಿ. ಇಬ್ಬರೂ ಕೂಡಿದಲ್ಲದೆ ಈ ವಿಷಯದ ಅಧ್ಯಯನ ಪೂರ್ಣವಾಗದು.