ವಸ್ತುವಿನ ಊರು ಯಾವುದು?

ಯಾವುದೇ ಜಾನಪದ ವಸ್ತುಸಂಗ್ರಹಾಲಯಕ್ಕೆ ಹೋದರೂ ನಾನು ಮೊದಲು ಓದುವುದು ಚೀಟಿಯನ್ನು. ಬೀಸುವ ಕಲ್ಲು, ಸೇರು, ಕೂರಿಗೆ, ಜೇನು ಬುಟ್ಟಿ ಎಂದು ಹೆಸರು ಇರುತ್ತದೆ. ಕೆಲವೊಮ್ಮೆ ಕಾಲ, ಅಪರೂಪಕ್ಕೆ ಜಿಲ್ಲೆ. ಯಾರ ಮನೆಯದು, ಯಾವ ದಾರಿ ಹಿಡಿದು ಇಲ್ಲಿಗೆ ಬಂತು, ಅದು ಹೊರಟು ಬಂದ ಜಾಗದಲ್ಲಿ ಈಗ ಏನಿದೆ ಎಂಬುದು ಇರುವುದಿಲ್ಲ. ಈ ಕೊನೆಯ ಮೂರು ಪ್ರಶ್ನೆಗಳು ಭೂಗೋಳಶಾಸ್ತ್ರದವು. ಶಾಲೆಯಲ್ಲಿ ನದಿ, ಬೆಟ್ಟ, ಮಳೆಯ ಪ್ರಮಾಣ ಕಲಿಸಿದ ಶಾಸ್ತ್ರಕ್ಕೆ ಮ್ಯೂಸಿಯಂನಲ್ಲೇನು ಕೆಲಸ ಎಂದು ಸಾಹಿತ್ಯದ ವಿದ್ಯಾರ್ಥಿಗಳಿಗೆ ಅನ್ನಿಸಬಹುದು. ಆದರೆ ಪರಂಪರೆ ಎಂಬುದು ಹಿಂದಿನವರು ನಮಗೆ ಬಿಟ್ಟುಹೋದದ್ದಷ್ಟೇ ಅಲ್ಲ, ಪ್ರತಿ ಕಾಲವೂ ತನಗೆ ಬೇಕಾದಂತೆ ಮಾಡಿಕೊಳ್ಳುವಂಥದ್ದು ಎಂದು 1985ರಲ್ಲೇ ದೊಡ್ಡ ಪುಸ್ತಕ ಬರೆದು ವಾದಿಸಿದ ಡೇವಿಡ್ ಲೋವೆಂತಾಲ್ ಭೂಗೋಳಶಾಸ್ತ್ರಜ್ಞರೇ.

ಈ ಪ್ರಶ್ನೆಗಳನ್ನು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳಿಗೆ ತಂದರೆ ಒಂದು ವಿಚಿತ್ರ ಕಾಣುತ್ತದೆ. ಇಲ್ಲಿ ವಸ್ತು, ಜನ, ಕೊನೆಗೆ ಊರುಗಳೂ ಇದ್ದಲ್ಲಿ ಇರುವುದಿಲ್ಲ. ಎರಡನೆಯ ಶತಮಾನದ ಗ್ರೀಕ್ ಭೂಗೋಳಜ್ಞ ಟಾಲೆಮಿ ಬೆರಿಲ್ ಎಂಬ ಹಸಿರು ಹರಳು ಸಿಗುವ ನಾಡೆಂದು ಪುನ್ನಾಟವನ್ನು ಹೆಸರಿಸಿದ್ದಾನೆ. ನಮ್ಮ ಸೀಮೆ ಅವನ ಬರಹಕ್ಕೆ ಸೇರಿದ್ದು ರಾಜನಿಂದಲ್ಲ, ಒಂದು ವಸ್ತುವಿನಿಂದ. ಆ ಪುನ್ನಾಟದ ರಾಜಧಾನಿ ಕೀರ್ತಿಪುರವನ್ನು ಎಚ್.ಡಿ. ಕೋಟೆಯ ಕಿತ್ತೂರೆಂದು ಗುರುತಿಸುತ್ತಾರೆ. ಅದು ನಿಂತಿದ್ದ ಕಬಿನಿಯ ದಂಡೆ ಅಣೆಕಟ್ಟಿನ ನಂತರ ಹಿನ್ನೀರಾಗಿದೆ. ಕಾವೇರಿಯ ಪ್ರವಾಹದಿಂದ ತತ್ತರಿಸಿದ ಎಡತೊರೆ ನಾಲ್ವಡಿಯವರ ಕಾಲದಲ್ಲಿ ಕೃಷ್ಣರಾಜನಗರವೆಂಬ ಹೊಸ ಊರಾಯಿತು. ಅರ್ಕೇಶ್ವರ ಮಾತ್ರ ಹೊಳೆಯ ಬಳಿಯೇ ಉಳಿದ. ಪಿರಿಯಾಪಟ್ಟಣದ ಬೈಲುಕುಪ್ಪೆಗೆ 1960ರ ದಶಕದ ಆರಂಭದಲ್ಲಿ ಟಿಬೆಟಿನವರು ಬಂದರು, ತಮ್ಮ ದೇವರು, ಗ್ರಂಥ, ಕಂಬಳಿ ನೇಯುವ ಕೈಗಾರಿಕೆ ಸಮೇತ.

ಇಂಗ್ಲೆಂಡಿನ ಭೂಗೋಳಜ್ಞ ಇಯಾನ್ ಕುಕ್ 2004ರಲ್ಲಿ ಒಂದು ಪಪ್ಪಾಯಿಯ ಬೆನ್ನು ಹತ್ತಿ ಲೇಖನ ಬರೆದರು. ಜಮೈಕಾದ ತೋಟದಿಂದ ಬ್ರಿಟನ್ನಿನ ಸೂಪರ್‌ಮಾರ್ಕೆಟ್ಟಿನವರೆಗೆ ಹಣ್ಣು ಹಾದುಬಂದ ಕೈಗಳನ್ನೆಲ್ಲ ಕಾಣಿಸಿದರು. ನಮ್ಮಲ್ಲಿ ಈ ಕ್ರಮಕ್ಕೆ ಹೇಳಿ ಮಾಡಿಸಿದ ವಸ್ತು ಹೊಗೆಸೊಪ್ಪು. ನಾಲ್ಕೂ ತಾಲ್ಲೂಕಿನ ಹೊಲಗಳ ನಡುವೆ ಎದ್ದು ಕಾಣುವ ಬ್ಯಾರನ್‌ಗಳನ್ನು ಬಸ್ಸಿನ ಕಿಟಕಿಯಿಂದ ನೋಡದವರಿಲ್ಲ. ಎತ್ತರದ ಗೋಡೆ, ಹೊರಗೆ ಒಲೆಬಾಯಿ, ಒಳಗೆ ಬಿಸಿ ಹಾಯುವ ಕೊಳವೆ, ಮೇಲೆ ಸಾಲುಸಾಲು ಗಳಗಳು. ಹೆಂಗಸರು ಕಡ್ಡಿಗೆ ಕಟ್ಟಿದ ಹಸಿರು ಸೊಪ್ಪು ಹಗಲು ರಾತ್ರಿ ಬೆಂದು ಹೊಂಬಣ್ಣಕ್ಕೆ ತಿರುಗಿ, ತಂಬಾಕು ಮಂಡಳಿಯ ಹರಾಜು ಕಟ್ಟೆ ಹತ್ತಿ, ಬಹುಪಾಲು ಸಮುದ್ರ ದಾಟುತ್ತದೆ. ಸುಟ್ಟ ಸೌದೆಯ ಲೆಕ್ಕ, ಸಾಲದ ಲೆಕ್ಕ ಇಲ್ಲೇ ಉಳಿಯುತ್ತದೆ. ಈ ಕಟ್ಟಡವನ್ನು ಯಾರೂ ಪರಂಪರೆ ಎನ್ನುವುದಿಲ್ಲ. ನೂರು ವರ್ಷ ಕಳೆದ ಮೇಲೆ, ಒಂದೂ ಉಳಿಯದಿದ್ದಾಗ, ಅದರ ಮಾದರಿ ಮಾಡಿ ಇಡುತ್ತೇವೋ ಏನೋ.

ಆದರೆ ಕುಕ್ ಅವರ ಕ್ರಮ ಕಪ್ಪಡಿಯಲ್ಲಿ ನಿಂತುಬಿಡುತ್ತದೆ. ಕೆ.ಆರ್. ನಗರ ತಾಲ್ಲೂಕಿನ ಕಪ್ಪಡಿ ಮಂಟೇಸ್ವಾಮಿ ಪರಂಪರೆಯ ರಾಚಪ್ಪಾಜಿಯ ಗದ್ದುಗೆ. ಈ ಒಕ್ಕಲಿನವರು ಪೂಜಿಸುವುದು ಕಂಡಾಯವನ್ನು, ಅಂದರೆ ಹೊತ್ತು ತಿರುಗುವ ಲೋಹದ ಲಾಂಛನವನ್ನು. ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಉಳಿಯುವುದು ಲೋಹ ಮಾತ್ರ, ಏಕೆಂದರೆ ಹೊರುವ ಹೆಗಲು, ಬರಮಾಡಿಕೊಳ್ಳುವ ಮನೆ, ನೀಲಗಾರರ ತಂಬೂರಿ ಇವೆಲ್ಲ ಸೇರಿದರೇ ಕಂಡಾಯ. ಇದು ಮಾರಾಟದ ಸರಕಲ್ಲ, ಆದ್ದರಿಂದ ಇದರ ಚಲನೆಗೆ ಬೆಲೆಯ ಲೆಕ್ಕವೂ ಇಲ್ಲ. ಲೋಹದ ದಾರಿಯನ್ನು ನೀಲಗಾರರು ಕುಕ್‌ಗಿಂತ ಎಷ್ಟೋ ಮೊದಲೇ ಹಾಡಿದ್ದಾರೆ ಎಂಬುದು ಬೇರೆ ಮಾತು. ಸಿದ್ದಪ್ಪಾಜಿ ಹಲಗೂರಿನ ಪಾಂಚಾಳರ ಬಳಿ ಕಬ್ಬಿಣದ ಭಿಕ್ಷೆಗೆ ಹೋಗುವ ಸಾಲನ್ನು ಪವಾಡದ ಕಥೆಯೆಂದಷ್ಟೇ ಪಾಠ ಮಾಡುತ್ತೇವೆ. ಕಬ್ಬಿಣ ಯಾರ ಹತೋಟಿಯಲ್ಲಿತ್ತು, ಕೇಳಲು ಬಂದವನಿಗೆ ಅದನ್ನು ಕೊಡದಿರುವುದರ ಅರ್ಥವೇನು ಎಂದು ಓದಿದರೆ ಅದೇ ಒಳ್ಳೆಯ ಭೂಗೋಳ.

ನನ್ನ ನಿಜವಾದ ತಕರಾರು ಇರುವುದು ಕೇಟ್ಲಿನ್ ಡಿಸಿಲ್ವಿ ಅವರ ವಾದದ ಜೊತೆ. ಈ ಭೂಗೋಳಜ್ಞೆ 2017ರ ಪುಸ್ತಕದಲ್ಲಿ ಎಲ್ಲವನ್ನೂ ಉಳಿಸುವ ಹಟ ಬೇಡ, ಕೆಲವನ್ನು ಶಿಥಿಲವಾಗಲು ಬಿಟ್ಟು, ಆ ಶಿಥಿಲತೆಯನ್ನೇ ಗಮನಿಸಿ ನೆನಪು ಕಟ್ಟಿಕೊಳ್ಳಬಹುದು ಎನ್ನುತ್ತಾರೆ. ಬ್ಯಾರನ್‌ಗೆ ಈ ಮಾತು ಒಪ್ಪುತ್ತದೆ. ನಾಗರಹೊಳೆಯ ಹಳೆಯ ಹಾಡಿಗಳಿಗೆ ಒಪ್ಪುವುದಿಲ್ಲ. ಅಲ್ಲಿಂದ ಜೇನುಕುರುಬರನ್ನು 1970ರ ದಶಕದಿಂದ ಹೊರಗೆ ಕಳಿಸುತ್ತ ಬರಲಾಗಿದೆ. ಹುಣಸೂರಿನ ನಾಗಾಪುರದಂಥ ಪುನರ್ವಸತಿ ಕೇಂದ್ರಗಳು ಆ ಚರಿತ್ರೆಯವು. ಬಿಟ್ಟುಬಂದ ಗುಡಿಸಲು ಕಾಡಿನಲ್ಲಿ ಕರಗುವುದನ್ನು ಸುಂದರವೆಂದು ನೋಡಲು, ಬಿಟ್ಟುಹೋಗುವ ತೀರ್ಮಾನ ಅದರಲ್ಲಿ ಇದ್ದವರದೇ ಆಗಿರಬೇಕು.

ಅರಣ್ಯ ಹಕ್ಕು ಕಾಯ್ದೆ 2006ರದು, ಅದರ ನಿಯಮಗಳು 2008ರವು. ಹಕ್ಕು ಕೇಳುವವರು ಏನನ್ನು ಸಾಕ್ಷ್ಯವಾಗಿ ತೋರಿಸಬಹುದು ಎಂಬ ಪಟ್ಟಿ ಅಲ್ಲಿದೆ: ಮನೆ, ಗುಡಿಸಲು, ಭೂಮಿಯಲ್ಲಿ ಮಾಡಿದ ಬದು, ಬಾವಿ, ಸ್ಮಶಾನ, ಪವಿತ್ರ ಸ್ಥಳ. ಮ್ಯೂಸಿಯಂನವರು ಭೌತಿಕ ಸಂಸ್ಕೃತಿ ಎನ್ನುವುದನ್ನೇ ಕಾನೂನು ಇಲ್ಲಿ ಪುರಾವೆ ಎನ್ನುತ್ತಿದೆ. ಬದು ಕುಸಿದರೆ, ಗೋರಿಯ ಕಲ್ಲು ಮುಚ್ಚಿಹೋದರೆ ಕಳೆದುಹೋಗುವುದು ನೆನಪಷ್ಟೇ ಅಲ್ಲ, ಅರ್ಜಿಯ ಬಲವೂ ಹೌದು. 2025ರ ಮೇ ತಿಂಗಳಲ್ಲಿ ಕೆಲವು ಜೇನುಕುರುಬ ಕುಟುಂಬಗಳು ನಾಗರಹೊಳೆಯ ಕೊಡಗಿನ ಭಾಗದ ಕರಡಿಕಲ್ಲು ಅತ್ತೂರು ಕೊಲ್ಲಿಗೆ ಮರಳಿ ಹೋದದ್ದು ಈ ಹಕ್ಕಿನ ಮಾತನ್ನೇ ಹಿಡಿದು.

ಇತ್ತ ಮೈಸೂರಿನಲ್ಲಿ ಜಯಲಕ್ಷ್ಮಿ ವಿಲಾಸದ ಜಾನಪದ ವಸ್ತುಸಂಗ್ರಹಾಲಯವಿದೆ. ಜೀ.ಶಂ. ಪರಮಶಿವಯ್ಯ, ಪಿ.ಆರ್. ತಿಪ್ಪೇಸ್ವಾಮಿಯವರಂಥವರು ಹಳ್ಳಿಗಳನ್ನು ಸುತ್ತಿ ಸಾವಿರಾರು ವಸ್ತು ತಾರದಿದ್ದರೆ ಅವು ಒಲೆ ಸೇರುತ್ತಿದ್ದವು ಅಥವಾ ಗುಜರಿಗೆ ಹೋಗುತ್ತಿದ್ದವು. ವೆಲ್ಲಿಂಗ್ಟನ್ ಹೌಸ್‌ನಲ್ಲಿ ಮಾನವ ಸಂಗ್ರಹಾಲಯದ ದಕ್ಷಿಣ ಕೇಂದ್ರವೂ ಇದೆ. ಸಂಗ್ರಹವೇ ಅಪರಾಧ ಎನ್ನುವ ಈಚಿನ ಫ್ಯಾಷನ್ನಿನ ಟೀಕೆ ನನಗೆ ಒಪ್ಪಿಗೆಯಿಲ್ಲ. ನಾನು ಕೇಳುತ್ತಿರುವುದು ಚೀಟಿಯ ಮೇಲೆ ಇನ್ನೊಂದು ಸಾಲು. ಅದೇ ನಿಯಮಗಳ ಪಟ್ಟಿಯಲ್ಲಿ ಹೆಸರಾಂತ ಸಂಸ್ಥೆಗಳ ಅಧ್ಯಯನ, ಆಚಾರ ವಿಚಾರಗಳ ದಾಖಲೆ ಕೂಡ ಸಾಕ್ಷ್ಯಗಳಾಗಿ ಸೇರಿವೆ. ಹಾಗಿರುವಾಗ ಒಂದು ಜೇನು ಬುಟ್ಟಿಯ ಕೆಳಗೆ ‘ಬುಡಕಟ್ಟು, ಮೈಸೂರು ಜಿಲ್ಲೆ’ ಎಂದು ಬರೆಯುವುದಕ್ಕೂ ಅದು ಬಂದ ಹಾಡಿಯ ಹೆಸರು, ತಂದ ವರ್ಷ ಬರೆಯುವುದಕ್ಕೂ ವ್ಯತ್ಯಾಸವಿದೆ. ಎರಡನೆಯದನ್ನು ನಕಲು ತೆಗೆಸಿಕೊಂಡು ಗ್ರಾಮಸಭೆಯ ಮುಂದೆ ಇಡಬಹುದು.