ಪೆಟ್ಟಿಗೆ ನಮ್ಮದು, ಪತ್ರ ಯಾರದು?

ಹೋದ ಮಳೆಗಾಲ ಕೊಕ್ಕರ್ಣೆಯ ಮನೆಯ ಅಟ್ಟ ಸೋರಿ, ಅಜ್ಜನ ಮರದ ಪೆಟ್ಟಿಗೆ ಕೆಳಗಿಳಿಯಿತು. ಒಳಗೆ ಎರಡು ಬಗೆಯ ಸರಕು. ಒಂದು, ತಾಳಮದ್ದಳೆಗೆ ಅಂತ ಅಜ್ಜ ತಾನೇ ಬರೆದಿಟ್ಟುಕೊಂಡ ಅರ್ಥದ ಪುಸ್ತಕಗಳು. ಇನ್ನೊಂದು, ಮೇಳದ ಭಾಗವತರೊಬ್ಬರು ಅವನಿಗೆ ಬರೆದ ಕಾಗದಗಳ ಕಟ್ಟು. ಯಕ್ಷಗಾನದ ಮೇಲೆ ಪಿಎಚ್.ಡಿ. ಮಾಡ್ತಿರೋ ಗೆಳತಿಗೆ ಎರಡು ಪುಟದ ಫೋಟೊ ವಾಟ್ಸಾಪ್ ಮಾಡಿದೆ. ಮರುವಾರವೇ ಬಂದಳು. ಎಲ್ಲ ಓದಿ ಮುಗಿಸಿ ಕೇಳಿದಳು: "ಇದನ್ನ ಪೂರ್ತಿ ಪುಸ್ತಕದಲ್ಲಿ ಹಾಕಬಹುದಾ?"

ನಾನು "ಧಾರಾಳವಾಗಿ" ಅಂದೆ. ದೊಡ್ಡಮಾವ "ಸಾಧ್ಯವೇ ಇಲ್ಲ" ಅಂದರು. "ನಮ್ಮನಿ ಪೆಟ್ಟಿಗಿ, ನಮ್ಮನಿ ಕಾಗ್ದ. ನಮ್ದಲ್ದೆ ಮತ್ಯಾರ್ದ್ ಮಾರಾಯಾ?"

ಆಮೇಲೆ ಬೆಂಗಳೂರಿಗೆ ಬಂದು ಕೃತಿಸ್ವಾಮ್ಯ ಕಾಯ್ದೆ ಬಿಡಿಸಿಕೊಂಡು ಕೂತಾಗ ಗೊತ್ತಾಗಿದ್ದು, ಇಬ್ಬರೂ ತಪ್ಪು.

1957ರ ಕಾಯ್ದೆಯ ಪ್ರಕಾರ ಕಾಗದದ ಒಡೆತನ ಬೇರೆ, ಅದರ ಮೇಲಿನ ಬರಹದ ಹಕ್ಕು ಬೇರೆ. ಪತ್ರ ಪಡೆದವನಿಗೆ ಸಿಗೋದು ಹಾಳೆ ಮಾತ್ರ. ಬರಹದ ಹಕ್ಕು ಬರೆದವರದ್ದು, ಅವರ ನಂತರ ಅವರ ವಾರಸುದಾರರದ್ದು. ಅಂದರೆ ಭಾಗವತರ ಪತ್ರ ಅಚ್ಚು ಹಾಕಿಸೋ ಅಧಿಕಾರ ನನಗೂ ಇಲ್ಲ, ಮಾವನಿಗೂ ಇಲ್ಲ. ಅಜ್ಜನ ಪುಸ್ತಕದ ಹಕ್ಕು ಮನೆಯದ್ದೇ ಸರಿ. ಆದರೆ ಉಯಿಲು ಇಲ್ಲದ್ದರಿಂದ ಅದು ಆರು ಮಕ್ಕಳಿಗೆ ಹಂಚಿಹೋಗಿದೆ. ನಾನೊಬ್ಬ "ಧಾರಾಳವಾಗಿ" ಅಂದರೆ ಏನೂ ಆಗಲ್ಲ.

ಇದು ಕಾಗದದ ಮೇಲಿನ ತಕರಾರು ಮಾತ್ರ ಅಂದ್ಕೋಬೇಡಿ. ನಮ್ಮ ಪಕ್ಕದ ಕೋಟದವರಾದ ಶಿವರಾಮ ಕಾರಂತರ ಯಕ್ಷಗಾನ ಬ್ಯಾಲೆಯ ಪ್ರಕರಣ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಕಾರಂತರು 1994ರಲ್ಲಿ ಬಿ. ಮಾಲಿನಿ ಮಲ್ಯರ ಹೆಸರಿಗೆ ಉಯಿಲು ಬರೆದರು, 1997ರಲ್ಲಿ ತೀರಿಕೊಂಡರು. 2001ರಲ್ಲಿ ದೆಹಲಿಯಲ್ಲಿ 'ಅಭಿಮನ್ಯು ವಧೆ' ಪ್ರದರ್ಶನವಾದಾಗ ಮಲ್ಯರು ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ವಿರುದ್ಧ ದಾವೆ ಹೂಡಿದರು. 2009ರ ಜನವರಿಯಲ್ಲಿ ತೀರ್ಪು ಬಂತು. ಬ್ಯಾಲೆ ಸಾಹಿತ್ಯಕೃತಿ ಅಲ್ಲ, ನಾಟಕಕೃತಿ. ಆದರೂ ಉಯಿಲಿನ ಉಳಿಕೆ ಆಸ್ತಿಯ ಷರತ್ತಿನ ಮೂಲಕ ಹಕ್ಕು ಮಲ್ಯರಿಗೇ ಸೇರುತ್ತದೆ ಅಂತ ನ್ಯಾಯಾಲಯ ಹೇಳಿತು. ಜತೆಗೆ, ತಡೆಯಾಜ್ಞೆಗೂ ಒಂದು ಗಡಿ ಹಾಕಿತು. ಸಂಶೋಧನೆ, ವಿಮರ್ಶೆಯಂಥ ನ್ಯಾಯಯುತ ಬಳಕೆಗೆ 52ನೇ ಕಲಂ ಕೊಟ್ಟಿರೋ ವಿನಾಯಿತಿಗೆ ಆ ತಡೆ ಅನ್ವಯಿಸಲ್ಲ ಅಂತ.

ನನಗೆ ಈ ತೀರ್ಪು ಇಷ್ಟ. ವಾರಸುದಾರರಿಗೂ ನ್ಯಾಯ, ಓದುವವರಿಗೂ ಜಾಗ. ಗೆಳತಿ ಪತ್ರಗಳ ಫೋಟೊ ತೆಗೆದು ಓದಬಹುದು, ವಿಮರ್ಶೆ ಮಾಡುವಾಗ ನಾಲ್ಕಾರು ಸಾಲು ಎತ್ತಿ ಹಾಕಬಹುದು. ಇಲ್ಲೀತನಕ ಕಾನೂನು ಚೆನ್ನಾಗೇ ಇದೆ.

ಎಡವಟ್ಟು ಶುರುವಾಗೋದು ಮುಂದೆ. ಇದೇ ಪೆಟ್ಟಿಗೆಯನ್ನು ಒಂದು ಸಾರ್ವಜನಿಕ ಗ್ರಂಥಾಲಯಕ್ಕೆ ಕೊಟ್ಟೆವು ಅಂತಿಟ್ಕೊಳ್ಳಿ. ಅಲ್ಲಿರುವ ಅಪ್ರಕಟಿತ ಬರಹವನ್ನು ಸಂಶೋಧನೆಗಾಗಿ, ಪ್ರಕಟಣೆಗಾಗಿ ನಕಲು ಮಾಡಲು 52ನೇ ಕಲಮಿನಲ್ಲೇ ಇನ್ನೊಂದು ವಿನಾಯಿತಿ ಇದೆ. ಆದರೆ ಬರೆದವರು ಯಾರು ಅಂತ ಗ್ರಂಥಾಲಯಕ್ಕೆ ಗೊತ್ತಿದ್ದರೆ, ಅವರು ಸತ್ತು 60 ವರ್ಷ ದಾಟಿರಬೇಕು! ಗೊತ್ತಿಲ್ಲದಿದ್ದರೆ ಕಾಯಬೇಕಿಲ್ಲ. ಶ್ರದ್ಧೆಯಿಂದ ಕ್ಯಾಟಲಾಗ್ ಮಾಡಿ ಭಾಗವತರ ಹೆಸರು ಪತ್ತೆ ಹಚ್ಚಿದ ಗ್ರಂಥಪಾಲಕ ತನ್ನ ಕೈಯಾರೆ ಬೀಗ ಹಾಕಿದಂತೆ. ಧೂಳು ಹಿಡಿದು "ಕರ್ತೃ ಅಜ್ಞಾತ" ಅಂತ ಬಿದ್ದಿದ್ದರೆ ಬಾಗಿಲು ತೆರೆದಿರುತ್ತೆ. ನಮ್ಮ ಭಾಗವತರು ಹೋಗಿದ್ದು 1986ರಲ್ಲಿ. ಲೆಕ್ಕ ಹಾಕಿ, 2046ರ ತನಕ ಕಾಯಬೇಕು. ಆ ಕಾಗದದ ಅಂಚು ಈಗಲೇ ಪುಡಿಯಾಗ್ತಿದೆ.

ಇನ್ನೊಂದು ಕೇಳಿ. ಬದುಕಿದ್ದಾಗಲೇ ಪ್ರಕಟವಾದ ಕೃತಿಗೆ ಲೇಖಕ ಸತ್ತ ನಂತರ 60 ವರ್ಷ ರಕ್ಷಣೆ. ಮಂಜೇಶ್ವರದ ಗೋವಿಂದ ಪೈಗಳು 1963ರಲ್ಲಿ ತೀರಿಕೊಂಡರು. ಅವರ ಕಾಲದಲ್ಲೇ ಅಚ್ಚಾದ ಬರಹಗಳು 2024ರ ಜನವರಿ 1ರಿಂದ ಎಲ್ಲರದ್ದೂ ಆದವು. ಆದರೆ ಬದುಕಿದ್ದಾಗ ಪ್ರಕಟವಾಗದ ಬರಹಕ್ಕೆ 60 ವರ್ಷದ ಎಣಿಕೆ ಶುರುವಾಗೋದು ಅದು ಮೊದಲು ಪ್ರಕಟವಾದ ಮೇಲೆ. ಪ್ರಕಟವೇ ಆಗದಿದ್ದರೆ? ಗಡಿಯಾರ ಓಡೋದೇ ಇಲ್ಲ. ಹೆಸರಾದ ಕವಿಯ ಕಾವ್ಯಕ್ಕೊಂದು ಕೊನೆ ಇದೆ, ನಮ್ಮಜ್ಜನ ನೋಟ್‌ಬುಕ್ಕಿಗೆ ಇಲ್ಲ. ಕಾಯ್ದೆ ಬರೆದವರು ಪುಸ್ತಕ ಮಾರುವವರನ್ನು ಕಣ್ಣಮುಂದೆ ಇಟ್ಟುಕೊಂಡಿದ್ದರು, ಪೆಟ್ಟಿಗೆ ತೆರೆಯುವವರನ್ನಲ್ಲ.

ಸಂಸ್ಥೆಗಳೂ ಕಮ್ಮಿ ಇಲ್ಲ. ಗೆಳತಿಗೆ ಒಂದು ಸಂಗ್ರಹಾಲಯ ಇನ್ನೂರು ವರ್ಷ ಹಳೆಯ ತಾಳೆಗರಿಯ ಸ್ಕ್ಯಾನ್ ಕೊಡುವಾಗ, "ಇದರ ಕೃತಿಸ್ವಾಮ್ಯ ಸಂಸ್ಥೆಯದು" ಅನ್ನೋ ಫಾರ್ಮಿಗೆ ಸಹಿ ಹಾಕಿಸಿಕೊಂಡಿತು. ಗರಿ ಅವರದ್ದು, ನಿಜ. ಮುಟ್ಟಲು ನಿಯಮ ಹಾಕಲಿ, ಶುಲ್ಕ ಕೇಳಲಿ. ಆದರೆ ಬರೀ ಶ್ರಮ, ಖರ್ಚು ಹಾಕಿದ ಮಾತ್ರಕ್ಕೆ ಹೊಸ ಕೃತಿಸ್ವಾಮ್ಯ ಹುಟ್ಟಲ್ಲ, ಒಂದಿಷ್ಟು ಸ್ವಂತ ಸೃಜನಶೀಲತೆ ಬೇಕು ಅಂತ 2007ರಲ್ಲಿ ಈಸ್ಟರ್ನ್ ಬುಕ್ ಕಂಪನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ತರ್ಕದಲ್ಲಿ ಸ್ಕ್ಯಾನರ್ ಬಟನ್ ಒತ್ತಿದವರು ಲೇಖಕರಾಗಲ್ಲ ಅನ್ನೋದು ನನ್ನ ವಾದ. ಪಿಎಚ್.ಡಿ. ವಿದ್ಯಾರ್ಥಿ ಇದನ್ನೆಲ್ಲ ವಾದಿಸ್ತಾಳಾ? ಮುಂದಿನ ಸಲ ಗರಿ ಬೇಕಲ್ಲ, ಸಹಿ ಹಾಕಿ ಸುಮ್ಮನಾದಳು.

ಹಾಗಂತ ಎಲ್ಲ ಬೀಗ ಒಡೀರಿ ಅಂತಲೂ ನಾನು ಹೇಳಲ್ಲ. ಮಾವನ ಸಿಟ್ಟಿಗೂ ಕಾರಣ ಇದೆ. ಅಜ್ಜ ಬರೆದ ಅರ್ಥವನ್ನು ಬೇರೆಯವರು ಹೆಸರು ಹೇಳದೆ ವೇದಿಕೆಯಲ್ಲಿ ಆಡಿದ್ದನ್ನು ಅವರು ಕಣ್ಣಾರೆ ಕಂಡವರು. ಅವರಿಗೆ ಬೇಕಿದ್ದದ್ದು ದುಡ್ಡಲ್ಲ, ಹೆಸರು. ಕಾಯ್ದೆಯಲ್ಲಿ ಬೇಕಾದ ತಿದ್ದುಪಡಿಯೂ ದೊಡ್ಡದೇನಲ್ಲ: ಅಪ್ರಕಟಿತ ಬರಹಕ್ಕೂ ಒಂದು ಕೊನೆಯ ದಿನ, ಮತ್ತು ವಾರಸುದಾರರನ್ನು ಪ್ರಾಮಾಣಿಕವಾಗಿ ಹುಡುಕಿದ ಸಂಶೋಧಕರಿಗೆ ಅಭಯ. ಕರ್ತೃ ಪತ್ತೆಯಾಗದ ಕೃತಿಗೆ ಕಡ್ಡಾಯ ಪರವಾನಗಿಯ ದಾರಿ 31ಎ ಕಲಮಿನಲ್ಲಿ ಇದೆ. ಆದರೆ ಹತ್ತು ಪತ್ರಕ್ಕಾಗಿ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಅರ್ಜಿ ಹಿಡಿದು ಅಲೆಯೋದು ಯಾವ ವಿದ್ಯಾರ್ಥಿಗೆ ಆಗುತ್ತೆ?

ಅಜ್ಜನ ಪುಸ್ತಕದ ಕತೆ ಬಗೆಹರಿಯಿತು. ಆರೂ ಮನೆಯವರು ಒಂದು ಹಾಳೆಗೆ ಸಹಿ ಹಾಕಿದರು: ಹೆಸರು ಹಾಕಬೇಕು, ಒಂದು ಪ್ರತಿ ಕೊಕ್ಕರ್ಣೆಗೆ ಕಳಿಸಬೇಕು. ಮೊದಲ ಸಹಿ ದೊಡ್ಡಮಾವನದ್ದೇ.

ಭಾಗವತರ ಮನೆಯವರು ಊರು ಬಿಟ್ಟು ಮೂವತ್ತು ವರ್ಷ ಆಯ್ತಂತೆ. ಈಗ ಪ್ರತಿ ಸಲ ಊರಿಗೆ ಹೋದಾಗ ಅವರನ್ನು ವಿಚಾರಿಸೋದು ನನ್ನ ಕೆಲಸ. ಸಿಗೋ ತನಕ ಆ ಪತ್ರಗಳಿಂದ ನಾಲ್ಕಾರು ಸಾಲು ಮಾತ್ರ ಗೆಳತಿಯ ಪುಸ್ತಕದಲ್ಲಿ ಇರುತ್ತವೆ. ಉಳಿದದ್ದು ಪೆಟ್ಟಿಗೆಯಲ್ಲಿ. ಅಟ್ಟದ ಹಂಚು ಮಾತ್ರ ಬದಲಾಯಿಸಿದ್ದೇವೆ.